ಹೆಣ್ಣು ಪಾತ್ರಕ್ಕೆ ಜನ ಸಿಗುವುದಿಲ್ಲ ಎನ್ನುವ ಗೆಳೆಯರಿಗೆ

ಶಿವಮೊಗ್ಗ ಮತ್ತು ಭದ್ರಾವತಿಯ ಹವ್ಯಾಸಿ ರಂಗತಂಡಗಳ ಎಲ್ಲ ಗೆಳೆಯರಿಗೆ,



ಹೊಸ ನಾಟಕ ಕೈಗೆತ್ತಿಕೊಂಡಾಗಲೆಲ್ಲ ನಿಮ್ಮಲ್ಲಿ ಒಬ್ಬರಲ್ಲ ಒಬ್ಬರು ಹೇಳುವ ಮಾತೊಂದಿದೆ: ಗಂಡಸರ ಪಾತ್ರಗಳೆಲ್ಲ ಹಂಚಿ ಆಯಿತು, ಹೆಣ್ಣು ಪಾತ್ರಕ್ಕೆ ಮಾತ್ರ ಜನ ಸಿಗುತ್ತಿಲ್ಲ. ಆಮೇಲೆ ಏನಾಗುತ್ತದೆಂದು ನಿಮಗೂ ಗೊತ್ತು, ನೋಡುವ ನಮಗೂ ಗೊತ್ತು. ನಾಲ್ಕು ಹೆಣ್ಣು ಪಾತ್ರ ಇದ್ದದ್ದು ಎರಡಾಗುತ್ತದೆ. ತಾಯಿಯ ದೃಶ್ಯಕ್ಕೆ ಕತ್ತರಿ ಬೀಳುತ್ತದೆ. ಕಾಲೇಜು ಹುಡುಗಿಯೊಬ್ಬಳ ತಲೆಗೆ ಬಿಳಿ ಪೌಡರು ಮೆತ್ತಿ ಅಜ್ಜಿ ಮಾಡುತ್ತೀರಿ. ಹಳ್ಳಿಯ ನಾಟಕವಾದರೆ ಹೊರ ಊರಿನಿಂದ ಕಲಾವಿದೆಯರನ್ನು ಕರೆಸಿ, ರಾತ್ರಿಗೆ ಇಷ್ಟು ಎಂದು ಮಾತಾಡಿ, ಬೆಳಗಿನ ಮೊದಲ ಬಸ್ಸಿಗೆ ಹತ್ತಿಸಿ ಕಳಿಸುತ್ತಾರೆ. ಊರಿನವರಿಗೆ ಅವರ ಹೆಸರೂ ತಿಳಿದಿರುವುದಿಲ್ಲ.

ಜನ ಸಿಗುವುದಿಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಯಾಕೆ ಒಪ್ಪುವುದಿಲ್ಲ ಎಂದು ಹೇಳಬೇಕಾದರೆ ಒಬ್ಬ ನಟಿಯ ಬದುಕನ್ನು ನಿಮ್ಮೆದುರು ಇಡಬೇಕು. ಉಮಾಶ್ರೀ ಅವರ ಬದುಕು. ನಿಮಗೆಲ್ಲ ಅವರು ಗೊತ್ತು. ಆದರೆ ನಾವು ಅವರ ಕತೆಯನ್ನು ಹೇಳಿಕೊಳ್ಳುವ ರೀತಿಯಲ್ಲೇ ಏನೋ ತಪ್ಪಿದೆ ಎಂದು ನನಗೆ ಬಹಳ ವರ್ಷಗಳಿಂದ ಅನ್ನಿಸಿದೆ. ಆ ತಪ್ಪಿಗೂ ನಿಮ್ಮ ತಂಡಗಳಲ್ಲಿ ಹೆಂಗಸರಿಲ್ಲದಿರುವುದಕ್ಕೂ ಸಂಬಂಧ ಇದೆ.

ಅವರು ನಮ್ಮ ಜಿಲ್ಲೆಯವರಲ್ಲ. 1957ರಲ್ಲಿ ತುಮಕೂರು ಜಿಲ್ಲೆಯ ತಿಪಟೂರು ತಾಲ್ಲೂಕಿನ ನೊಣವಿನಕೆರೆಯಲ್ಲಿ ಹುಟ್ಟಿದವರು. ಆದರೂ ಅವರ ಕಲಾಬದುಕಿನ ದೊಡ್ಡ ತಿರುವುಗಳಲ್ಲಿ ನಮ್ಮ ಜಿಲ್ಲೆಯ ಕೈ ಇದೆ. ಅವರಿಗೆ ರಾಷ್ಟ್ರಪ್ರಶಸ್ತಿ ತಂದ ‘ಗುಲಾಬಿ ಟಾಕೀಸ್’ ಚಿತ್ರವನ್ನು ನಿರ್ದೇಶಿಸಿದ ಗಿರೀಶ ಕಾಸರವಳ್ಳಿಯವರು ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನವರು. ಅದೇ ಚಿತ್ರದಲ್ಲಿ ಗುಲಾಬಿಯ ಗಂಡ ಮೂಸಾನ ಪಾತ್ರ ಮಾಡಿದ ಕೆ.ಜಿ. ಕೃಷ್ಣಮೂರ್ತಿಯವರು ಶರಾವತಿ ಹಿನ್ನೀರಿನಾಚೆಯ ತುಮರಿಯಲ್ಲಿ ಕಿನ್ನರ ಮೇಳ ಕಟ್ಟಿದವರು. ಈಚಿನ ವರ್ಷಗಳಲ್ಲಿ ಉಮಾಶ್ರೀ ಒಬ್ಬರೇ ರಂಗದ ಮೇಲೆ ನಿಂತು ಆಡುತ್ತಿರುವ ‘ಶರ್ಮಿಷ್ಠೆ’ಯನ್ನು ನಿರ್ದೇಶಿಸಿದ ಚಿದಂಬರರಾವ್ ಜಂಬೆಯವರು ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರದಲ್ಲಿ ತಲೆಮಾರುಗಳಿಗೆ ಪಾಠ ಹೇಳಿದವರು. ಹೀಗಾಗಿ ಈ ನಟಿಯ ಬಗ್ಗೆ ಮಾತಾಡುವ ಹಕ್ಕೂ ಹೊಣೆಯೂ ನಮಗೆ ಇದೆ ಎಂದುಕೊಂಡಿದ್ದೇನೆ.

ಕನ್ನಡದ ದೊಡ್ಡ ನಟಿಯರಲ್ಲಿ ಕೆಲವರು ರಂಗದ ಮೇಲೇ ಕಣ್ಣು ಬಿಟ್ಟವರು. ಬಿ. ಜಯಶ್ರೀ ಅವರನ್ನು ನೋಡಿ. ಗುಬ್ಬಿ ವೀರಣ್ಣನವರ ಮೊಮ್ಮಗಳು, ಜಿ.ವಿ. ಮಾಲತಮ್ಮನವರ ಮಗಳು. ಕಂಪನಿಯ ಒಳಗೇ ಬೆಳೆದು, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋಗಿ ಕಲಿತು ಬಂದು, ‘ಸ್ಪಂದನ’ ತಂಡ ಕಟ್ಟಿ, ‘ಲಕ್ಷಾಪತಿ ರಾಜನ ಕತೆ’ಯಂಥ ನಾಟಕಗಳನ್ನು ಊರೂರಿಗೆ ಒಯ್ದವರು. 2010ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನಗೊಂಡರು, 2013ರಲ್ಲಿ ಪದ್ಮಶ್ರೀ ಬಂತು. ಆ ಕಂಠಕ್ಕೆ, ಆ ಕಸುವಿಗೆ ಸಾಟಿ ಇಲ್ಲ. ಆದರೆ ಅವರ ಹಿಂದೆ ಒಂದು ಮನೆತನ ನಿಂತಿತ್ತು. ಉಮಾಶ್ರೀ ಅವರ ಹಿಂದೆ ಕಂಪನಿಯಾಗಲಿ, ನಾಟಕದ ಮನೆತನವಾಗಲಿ ಇರಲಿಲ್ಲ. ಇದ್ದದ್ದು ಸಾಕಬೇಕಾದ ಇಬ್ಬರು ಮಕ್ಕಳು. ಆ ಮಕ್ಕಳನ್ನು ಒಬ್ಬರೇ ಸಾಕಿದರು. ನಟಿಯಾಗಿ ಉಮಾಶ್ರೀ ಅವರನ್ನು ಬೆಳೆಸಿದ್ದು ಹವ್ಯಾಸಿ ರಂಗಭೂಮಿ. ನಿಮ್ಮಂಥ ತಂಡಗಳೇ. ಸಂಜೆ ಕಚೇರಿ ಮುಗಿಸಿ ಬಂದು, ಸಿಕ್ಕಿದ ಶಾಲೆಯ ಕೋಣೆಯಲ್ಲೋ ಯಾರದೋ ಮನೆಯ ಮಹಡಿಯಲ್ಲೋ ತಾಲೀಮು ಮಾಡುವ, ಟಿಕೆಟ್ಟನ್ನು ತಾವೇ ಹೊತ್ತು ಮಾರುವ ತಂಡಗಳು. ಇದನ್ನು ನೀವು ಮನಸ್ಸಿನಲ್ಲಿಟ್ಟುಕೊಳ್ಳಬೇಕು ಎಂದು ಕೇಳಿಕೊಳ್ಳುತ್ತೇನೆ.

‘ಒಡಲಾಳ’ದ ಸಾಕವ್ವನ ವಿಷಯಕ್ಕೆ ಬರುತ್ತೇನೆ. ದೇವನೂರ ಮಹಾದೇವ ಅವರ ಆ ಕತೆಯನ್ನು ಸಿ.ಜಿ. ಕೃಷ್ಣಸ್ವಾಮಿಯವರು, ನಾವೆಲ್ಲ ಸಿಜಿಕೆ ಎಂದು ಕರೆಯುತ್ತಿದ್ದವರು, ರಂಗಕ್ಕೆ ತಂದರು. ಸಾಕವ್ವ ಕಳೆದುಹೋದ ತನ್ನ ಹುಂಜವನ್ನು ಹುಡುಕಿ ಹೊರಟ ಮುದುಕಿ. ಮನೆ ತುಂಬ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು. ಇರುವ ಆಸ್ತಿಗಿಂತ ಜಗಳವೇ ಹೆಚ್ಚು. ರಾತ್ರಿಯೆಲ್ಲ ಕದ್ದ ಕಡಲೆಕಾಯಿ ಸುಲಿದು ತಿಂದ ಮನೆಗೆ ಬೆಳಿಗ್ಗೆ ಪೊಲೀಸರು ನುಗ್ಗುತ್ತಾರೆ. ಹಸಿವು, ಹಟ, ಹಾಸ್ಯ, ಮಮತೆ ಎಲ್ಲ ಒಂದೇ ಉಸಿರಿನಲ್ಲಿ ಬರುವ ಪಾತ್ರ ಅದು. ಅದನ್ನು ಮಾಡಿದಾಗ ಉಮಾಶ್ರೀ ಅವರಿಗೆ ಮುಪ್ಪು ಬಹಳ ದೂರ ಇತ್ತು. ಆದರೆ ಆ ನಾಟಕ ನೋಡಿದವರು ಮಾತಾಡುವುದನ್ನು ಕೇಳಿ. ನಟಿ ಮುದುಕಿಯ ಹಾಗೆ ನಡೆದರು ಎಂದು ಅವರು ಹೇಳುವುದಿಲ್ಲ. ಸಾಕವ್ವನನ್ನು ನೋಡಿದೆವು ಎನ್ನುತ್ತಾರೆ. ಸೀರೆಯನ್ನು ಮೊಳಕಾಲಿಗೆ ಎತ್ತಿ ಸಿಕ್ಕಿಸಿಕೊಂಡು, ಇಡೀ ಊರನ್ನು ಬಾಯಿಗೆ ಹಾಕಿಕೊಂಡು ಬೈಯುತ್ತ, ಬೈಗುಳದ ನಡುವೆಯೇ ಮೊಮ್ಮಗುವಿನ ಕಡೆ ಕಣ್ಣಿಟ್ಟಿರುವ ಹೆಂಗಸು ನಮಗೆಲ್ಲರಿಗೂ ಗೊತ್ತು. ನಮ್ಮ ಸೋಗಾನೆಯಲ್ಲಿ ಇದ್ದಾಳೆ, ಭದ್ರಾವತಿಯ ಹಳೇನಗರದಲ್ಲಿ ಇದ್ದಾಳೆ. ಆಕೆಯನ್ನು ಕನ್ನಡ ರಂಗಭೂಮಿ ನಾಯಕಿಯ ಜಾಗದಲ್ಲಿ ನಿಲ್ಲಿಸಿತು ಎನ್ನುವುದೇ ದೊಡ್ಡ ಸಂಗತಿ.

ಇದೇ ಕಾಲದಲ್ಲಿ ಸಿನಿಮಾ ಅವರಿಗೆ ಏನು ಕೊಟ್ಟಿತು? 1984ರಲ್ಲಿ ಕಾಶೀನಾಥ್ ಅವರ ‘ಅನುಭವ’ ಬಂತು. ಆ ಚಿತ್ರದ ಪಾತ್ರವನ್ನು ಅವರು ಒಪ್ಪಿಕೊಂಡದ್ದು ಧೈರ್ಯದ ಕೆಲಸ. ಚಿತ್ರ ಓಡಿತು. ಓಡಿದ್ದಕ್ಕೆ ನಟಿ ದಂಡ ಕಟ್ಟಬೇಕಾಯಿತು. ಅಲ್ಲಿಂದ ಮುಂದೆ ವರ್ಷಗಳ ಕಾಲ ನಿರ್ಮಾಪಕರು ಅವರ ಬಳಿಗೆ ತಂದದ್ದು ಅದೇ ಅಚ್ಚಿನ ಪಾತ್ರಗಳನ್ನು. ಎರಡರ್ಥದ ಮಾತು, ಎನ್.ಎಸ್. ರಾವ್ ಅವರಂಥವರ ಜೊತೆ ಜೋಡಿ, ಕತೆಯ ನಡುವೆ ಹತ್ತು ನಿಮಿಷ ನಗಿಸಿ ಹೋಗುವ ಕೆಲಸ. ಟಾಕೀಸಿನಲ್ಲಿ ಸಿಳ್ಳೆ ಹೊಡೆದವರೇ ಮನೆಗೆ ಬಂದು ಆ ನಟಿಯ ಬಗ್ಗೆ ಹಗುರವಾಗಿ ಮಾತಾಡಿದರು. ಆ ಸಿಳ್ಳೆ ನಮ್ಮ ಶಿವಮೊಗ್ಗದ ಟಾಕೀಸುಗಳಲ್ಲೂ ಕೇಳಿದೆ, ಭದ್ರಾವತಿಯಲ್ಲೂ ಕೇಳಿದೆ.

ಇಲ್ಲಿ ನಾವು ಹೇಳಿಕೊಳ್ಳುವ ಕತೆ ಹೀಗೆ ಹೋಗುತ್ತದೆ: ಮೊದಲು ಅಗ್ಗದ ಹಾಸ್ಯ ಮಾಡುತ್ತಿದ್ದರು, ಆಮೇಲೆ ಒಳ್ಳೆಯ ನಟಿಯಾದರು, ರಾಷ್ಟ್ರಪ್ರಶಸ್ತಿ ಬಂತು. ಪತ್ರಿಕೆಗಳಲ್ಲಿ, ಸನ್ಮಾನದ ಭಾಷಣಗಳಲ್ಲಿ, ಅಭಿಮಾನದಿಂದಲೇ ಹೇಳುವವರ ಬಾಯಲ್ಲಿ ಕೂಡ ಇದೇ ಕತೆ. ಕೇಳಲು ಚೆನ್ನಾಗಿದೆ, ಆದರೆ ನಿಜ ಅಲ್ಲ. ಸಾಕವ್ವನನ್ನು ಮಾಡಿದ ನಟಿಯೇ ಹಗಲಿನಲ್ಲಿ ಆ ಹಾಸ್ಯದ ಪಾತ್ರಗಳನ್ನು ಮಾಡುತ್ತಿದ್ದದ್ದು. ಒಂದೇ ದೇಹ, ಒಂದೇ ದನಿ, ಒಂದೇ ಕಾಲ. ಸಂಜೆಯ ರಂಗದ ಮೇಲೆ ಆಕೆ ಎಲ್ಲಿಯವರೆಗೆ ಹೋಗಬಲ್ಲರು ಎಂದು ನೂರಾರು ಜನ ನೋಡಿದ್ದರು. ಆದರೂ ಕ್ಯಾಮೆರಾದ ಹಿಂದೆ ನಿಂತವರು ಅದನ್ನು ಕೇಳಲಿಲ್ಲ. ನಟಿ ಆಗಲೂ ಅದೇ ನಟಿ. ಕೇಳುವವರು ಬದಲಾಗುವುದಕ್ಕೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು.

ಆ ಹಾಸ್ಯದ ಪಾತ್ರಗಳನ್ನು ನಾನು ಕೀಳಾಗಿ ಕಾಣುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಒಂದು ಮಾತಿನ ಹಿಂದೆ ಎಷ್ಟು ಹೊತ್ತು ಸುಮ್ಮನಿರಬೇಕು, ಎದುರಿನವನ ಮಾತು ಮುಗಿಯುವ ಮೊದಲೇ ಮುಖದಲ್ಲಿ ಏನು ಹಾದುಹೋಗಬೇಕು ಎಂಬುದು ಕಲಿಯದೆ ಬರುವಂಥದಲ್ಲ. ನಿಮ್ಮಲ್ಲಿ ಹಾಸ್ಯನಾಟಕ ಆಡಿಸಿದವರಿಗೆ ಇದು ಚೆನ್ನಾಗಿ ಗೊತ್ತು. ದುಡಿದು ಮಕ್ಕಳನ್ನು ಓದಿಸಿದ ಕೆಲಸ ಅದು. ನಾಚಿಕೆಪಡಬೇಕಾದವರು ಇದ್ದರೆ ಅಂಥ ನಟಿಗೆ ಬೇರೆ ಪಾತ್ರ ಬರೆಯಲಾರದೆ ಹೋದವರು.

ಇನ್ನು ಗುಲಾಬಿ. ವೈದೇಹಿಯವರ ಮೂಲ ಕತೆಯಲ್ಲಿ ಊರಿಗೆ ಬರುವುದು ಸಿನಿಮಾ ಟಾಕೀಸು. ಕಾಸರವಳ್ಳಿಯವರು ಅದನ್ನು ಕುಂದಾಪುರದ ಕಡೆಯ ಮೀನುಗಾರರ ನಡುಗಡ್ಡೆಗೆ, ಕಾರ್ಗಿಲ್ ಯುದ್ಧದ ಹೊತ್ತಿಗೆ ತಂದು, ಟಾಕೀಸಿನ ಜಾಗದಲ್ಲಿ ಬಣ್ಣದ ಟಿವಿ ಇಟ್ಟರು. ಗುಲಾಬಿ ಸೂಲಗಿತ್ತಿ, ಮುಸ್ಲಿಂ ಹೆಂಗಸು, ಗಂಡ ಬಿಟ್ಟವಳು, ಸಿನಿಮಾ ಎಂದರೆ ಪ್ರಾಣ. ಸಿನಿಮಾ ನೋಡುತ್ತಿದ್ದವಳನ್ನು ಎಬ್ಬಿಸಿ ಹೆರಿಗೆಗೆ ಕರೆದೊಯ್ಯುತ್ತಾರೆ. ಆ ಉಪಕಾರಕ್ಕೆ ಅವಳ ಗುಡಿಸಲಿಗೆ ಟಿವಿ ಬರುತ್ತದೆ. ಟಿವಿ ನೋಡಲು ಹೆಂಗಸರು ಬರುತ್ತಾರೆ, ಒಬ್ಬಂಟಿ ಮನೆಯಲ್ಲಿ ಮಾತು ತುಂಬುತ್ತದೆ. ಗಾಯಕಿ ಎಂ.ಡಿ. ಪಲ್ಲವಿ ಮಾಡಿದ ನೇತ್ರುವಿನ ಜೊತೆ ಗುಲಾಬಿಯ ಸ್ನೇಹ ಬೆಳೆಯುತ್ತದೆ. ಆಮೇಲೆ ಮೀನಿನ ವ್ಯಾಪಾರದ ಪೈಪೋಟಿಗೆ ಧರ್ಮದ ಬಣ್ಣ ಹತ್ತಿ, ನೇತ್ರು ಕಾಣೆಯಾಗಿ, ಎಲ್ಲ ಸೇರಿ ಬಂದು ಗುಲಾಬಿಯ ಬಾಗಿಲಿಗೇ ನಿಲ್ಲುತ್ತದೆ. ಯಾರ ಮನೆಯ ಮಕ್ಕಳನ್ನು ತನ್ನ ಕೈಯಲ್ಲೇ ಈ ಲೋಕಕ್ಕೆ ತಂದಳೋ ಆ ಊರಿನಿಂದಲೇ ಅವಳನ್ನು ಹೊರಗೆ ಹಾಕುತ್ತಾರೆ.

ಆ ಚಿತ್ರದಲ್ಲಿ ನಾನು ಮತ್ತೆ ಮತ್ತೆ ನೋಡುವುದು ಗುಲಾಬಿ ಪರದೆಯನ್ನು ನೋಡುವ ದೃಶ್ಯಗಳನ್ನು. ಬಾಯಿ ಸ್ವಲ್ಪ ತೆರೆದಿದೆ. ಕಣ್ಣುಗಳು ನಗುತ್ತಿವೆ. ಮಾತಿಲ್ಲ. ಸಂಸಾರದಲ್ಲಿ ಸಿಗದ ಸಂತೋಷವೆಲ್ಲ ಒಂದು ಪೆಟ್ಟಿಗೆಯೊಳಗಿಂದ ಬರುತ್ತಿದೆ ಎಂಬುದನ್ನು ಆ ಮುಖ ಅಳದೆ, ಅತಿ ಮಾಡದೆ ತೋರಿಸುತ್ತದೆ. ರಂಗದ ಮೇಲೆ ಕೊನೆಯ ಸಾಲಿನವನಿಗೂ ಮುಟ್ಟುವ ಹಾಗೆ ಮೈಯೆಲ್ಲ ಬಳಸಿ ಅಭ್ಯಾಸವಾದ ನಟಿ ಇಲ್ಲಿ ಎಲ್ಲವನ್ನೂ ಇಳಿಸಿ ಕಣ್ಣಿನಲ್ಲಿ ಇಟ್ಟಿದ್ದಾರೆ. ತುಮಕೂರಿನ ಕಡೆಯವರು ಕರಾವಳಿಯ ಮಾತನ್ನು ನಾಲಿಗೆಗೆ ತಂದುಕೊಂಡಿದ್ದಾರೆ. ಆಗ ಅವರಿಗೆ ಐವತ್ತರ ವಯಸ್ಸು.

2008ರ ಸಾಲಿನ, ಅಂದರೆ 56ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅವರು ಅತ್ಯುತ್ತಮ ನಟಿಯಾದರು. ದೆಹಲಿಯ ಓಸಿಯಾನ್ಸ್ ಚಿತ್ರೋತ್ಸವದಲ್ಲೂ ಇದೇ ಪಾತ್ರಕ್ಕೆ ಅತ್ಯುತ್ತಮ ನಟಿ ಪ್ರಶಸ್ತಿ ಬಂತು. ಕನ್ನಡ ಚಿತ್ರವೊಂದಕ್ಕೆ ಈ ರಾಷ್ಟ್ರಪ್ರಶಸ್ತಿ ಅಪರೂಪ. ಅವರಿಗಿಂತ ಮೊದಲು ‘ಕಾಡು’ ಚಿತ್ರಕ್ಕೆ ನಂದಿನಿ ಭಕ್ತವತ್ಸಲ ಪಡೆದಿದ್ದರು, ‘ಹಸೀನಾ’ ಚಿತ್ರಕ್ಕೆ ತಾರಾ ಪಡೆದಿದ್ದರು. ‘ಹಸೀನಾ’ವೂ ಕಾಸರವಳ್ಳಿಯವರದೇ. ಇದು ಆಕಸ್ಮಿಕ ಅಲ್ಲ. ‘ಘಟಶ್ರಾದ್ಧ’ದ ಯಮುನಾ, ‘ತಾಯಿ ಸಾಹೇಬ’, ‘ದ್ವೀಪ’ದ ನಾಗಿ, ಹಸೀನಾ, ಗುಲಾಬಿ. ಈ ನಿರ್ದೇಶಕರ ಒಂದೊಂದು ಚಿತ್ರದ ನಡುವೆಯೂ ಹೆಣ್ಣೊಬ್ಬಳು ಇದ್ದಾಳೆ. ಯಮುನಾಳನ್ನು ಬರೆದ ಅನಂತಮೂರ್ತಿಯವರು ತೀರ್ಥಹಳ್ಳಿಯ ಮೇಳಿಗೆಯವರು, ‘ದ್ವೀಪ’ ಬರೆದ ನಾ. ಡಿಸೋಜರು ಸಾಗರದವರು. ಹೆಣ್ಣನ್ನು ಕತೆಯ ನಡುವೆ ಇಟ್ಟು ನೋಡುವುದು ನಮ್ಮ ನೆಲಕ್ಕೆ ಹೊಸದಲ್ಲ ಎಂದು ಹೇಳಲು ಇವರನ್ನೆಲ್ಲ ನೆನೆಸಿದೆ. ನಮ್ಮ ಜಿಲ್ಲೆಯ ಪುಸ್ತಕಗಳಲ್ಲಿ, ನಮ್ಮ ಜಿಲ್ಲೆಯವರ ಸಿನಿಮಾದಲ್ಲಿ ಆಗಿರುವ ಕೆಲಸ ನಮ್ಮ ಊರಿನ ತಾಲೀಮಿನ ಕೋಣೆಗೆ ಯಾಕೆ ಬಂದಿಲ್ಲ?

ರಾಜಕೀಯದ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದು ಈ ಪತ್ರದ ವಿಷಯ ಅಲ್ಲ. ಉಮಾಶ್ರೀ ಮೊದಲು ವಿಧಾನ ಪರಿಷತ್ತಿನಲ್ಲಿದ್ದರು. ನೇಕಾರರ ನೆಲೆಯಾದ ತೇರದಾಳ ಕ್ಷೇತ್ರದಲ್ಲಿ 2008ರಲ್ಲಿ ಸೋತು, 2013ರಲ್ಲಿ ಗೆದ್ದು, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಹಾಗೂ ಕನ್ನಡ ಮತ್ತು ಸಂಸ್ಕೃತಿ ಖಾತೆಗಳ ಸಚಿವರಾದರು. ಆ ಸಂಪುಟ ರಚನೆಯಾದಾಗ ಅದರಲ್ಲಿದ್ದ ಒಬ್ಬರೇ ಮಹಿಳೆ ಅವರು. 2018ರಲ್ಲಿ ಸೋತರು. ನನಗೆ ಮುಖ್ಯವಾಗುವುದು ಸೋತ ಮೇಲೆ ಅವರು ಎಲ್ಲಿಗೆ ಬಂದರು ಎನ್ನುವುದು. ನಟನೆಗೇ ಬಂದರು. ‘ರತ್ನನ್ ಪ್ರಪಂಚ’ದಲ್ಲಿ ಧನಂಜಯರ ತಾಯಿ ಸರೋಜಾ. 2021ರ ಕೊನೆಯಿಂದ ಟಿವಿಯಲ್ಲಿ ‘ಪುಟ್ಟಕ್ಕನ ಮಕ್ಕಳು’. ಗಂಡುಮಗು ಹೆರಲಿಲ್ಲವೆಂದು ಗಂಡ ಕೈಬಿಟ್ಟ, ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಬೆಳೆಸುವ ಪುಟ್ಟಕ್ಕ. ನಿಮ್ಮ ಮನೆಯ ಹೆಂಗಸರು ಆ ಹೊತ್ತಿಗೆ ಯಾಕೆ ಟಿವಿ ಮುಂದೆ ಕೂರುತ್ತಿದ್ದರು ಎಂದು ಒಂದು ಸಲ ಕೇಳಿ ನೋಡಿ. ಅರವತ್ತು ದಾಟಿದ ಹೆಂಗಸಿನ ಹೆಸರಿನಲ್ಲಿ, ಆಕೆಯ ಮುಖದ ಮೇಲೆ ನಿಂತ ಧಾರಾವಾಹಿಯನ್ನು ರಾಜ್ಯವೇ ನೋಡಿತು. ವಯಸ್ಸಾದ ಹೆಂಗಸಿನ ಕತೆ ಯಾರಿಗೆ ಬೇಕು ಎನ್ನುವವರಿಗೆ ಅದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಅದರ ಜೊತೆಗೇ ‘ಶರ್ಮಿಷ್ಠೆ’. ಬೇಲೂರು ರಘುನಂದನ್ ಬರೆದದ್ದು. ಯಯಾತಿಯ ಕತೆಯಲ್ಲಿ ದೇವಯಾನಿಯ ದಾಸಿಯಾಗಿ ಹೋದ ರಾಜಕುಮಾರಿ ತನ್ನ ಕತೆಯನ್ನು ತಾನೇ ಹೇಳುತ್ತಾಳೆ. ಎದುರು ಬೇರೆ ನಟರಿಲ್ಲ, ಮಾತು ಮರೆತರೆ ಎತ್ತಿಕೊಡುವ ಜೊತೆಗಾರರಿಲ್ಲ. ಟಿವಿಯಲ್ಲಿ ದಿನವೂ ಕಾಣಿಸುತ್ತಿದ್ದವರು, ಸಚಿವರಾಗಿದ್ದವರು, ಪ್ರಶಸ್ತಿ ಪಡೆದವರು ಇದನ್ನು ಮಾಡಲೇಬೇಕು ಎಂದೇನೂ ಇಲ್ಲ. 2025ರ ಜನವರಿಯಲ್ಲಿ ಹೊನ್ನಾವರದಲ್ಲಿ ಪೆರ್ಡೂರು ಮೇಳದ ಜೊತೆ ಯಕ್ಷಗಾನದ ಮಂಥರೆಯಾದದ್ದನ್ನೂ ನೀವು ಪತ್ರಿಕೆಯಲ್ಲಿ ಓದಿರುತ್ತೀರಿ. ಅರವತ್ತೇಳರ ವಯಸ್ಸಿನಲ್ಲಿ ಹೊಸ ಹೆಜ್ಜೆ, ಹೊಸ ವೇಷ, ಭಾಗವತರ ಪದಕ್ಕೆ ತಕ್ಕ ಹಾಗೆ ಮಾತು ಕಟ್ಟುವ ಹೊಸ ಕ್ರಮ ಕಲಿಯಲು ಹೊರಟ ಧೈರ್ಯ ಅದು.

ಈಗ ನಮ್ಮೂರಿಗೆ ಬರೋಣ.

ಭದ್ರಾವತಿಯವರು ಹೆಮ್ಮೆಯಿಂದ ಹೇಳುವ ಹೆಸರು ದೊಡ್ಡಣ್ಣನವರದು. ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಲೇ ನಾಟಕ ಆಡಿ, ಅಲ್ಲಿಂದ ಸಿನಿಮಾಕ್ಕೆ ಹೋದವರು. ಆ ಹೆಮ್ಮೆಯಲ್ಲಿ ನನಗೂ ಪಾಲಿದೆ. ಆದರೆ ಒಂದು ಪ್ರಶ್ನೆ ಬಿಡುವುದಿಲ್ಲ. ಮೊದಲು ಶುರುವಾದ ಕಬ್ಬಿಣದ ಕಾರ್ಖಾನೆ, ಆಮೇಲೆ ಬಂದ ಕಾಗದದ ಕಾರ್ಖಾನೆ, ಇವೆರಡೂ ಸೇರಿ ಎಲ್ಲೆಲ್ಲಿಂದಲೋ ಜನರನ್ನು ತಂದು ಒಂದು ಊರನ್ನೇ ಕಟ್ಟಿದವು. ಕನ್ನಡ, ತಮಿಳು, ತೆಲುಗು, ಉರ್ದು ಎಲ್ಲ ಒಂದೇ ನಲ್ಲಿಯ ಮುಂದೆ ಕೇಳುತ್ತಿದ್ದ ಊರು. ಆ ಕ್ವಾರ್ಟರ್ಸ್ ಸಾಲುಗಳಲ್ಲಿ ದೊಡ್ಡಣ್ಣನವರಷ್ಟೇ ನಗಿಸಬಲ್ಲ, ಅಷ್ಟೇ ಗಟ್ಟಿ ದನಿಯಲ್ಲಿ ಮಾತಾಡಬಲ್ಲ, ಒಬ್ಬರ ನಡಿಗೆಯನ್ನು ಒಂದು ಸಲ ನೋಡಿ ಹಾಗೇ ನಡೆದು ತೋರಿಸಬಲ್ಲ ಹೆಂಗಸರು ಇರಲಿಲ್ಲವೇ? ಇದ್ದರು. ನಾನು ಕಂಡಿದ್ದೇನೆ. ಮದುವೆಮನೆಯ ಅಡುಗೆಕೋಣೆಯಲ್ಲಿ, ಬಾಣಂತಿಯ ಕೋಣೆಯಲ್ಲಿ, ಗಂಡಸರು ಇಲ್ಲದ ಕಡೆ ಅವರು ಆಡಿ ತೋರಿಸುತ್ತಿದ್ದರು. ಶಿಫ್ಟ್ ಮುಗಿಸಿದ ಗಂಡಸು ತಾಲೀಮಿಗೆ ಹೋಗಬಹುದಿತ್ತು. ಆತನ ಊಟ ಮುಚ್ಚಿಟ್ಟುಕೊಂಡು ಕಾಯುವವರು ಮನೆಯಲ್ಲಿದ್ದರು. ಆ ಕಾಯುವವರು ರಂಗಕ್ಕೆ ಹೋಗಬೇಕಾದರೆ ಊಟ ಮುಚ್ಚಿಡುವವರು ಯಾರು?

ನಾನೂ ಹುಡುಗಿಯಾಗಿದ್ದಾಗ ನಾಟಕದಲ್ಲಿ ಆಡಿದವಳು. ಮದುವೆಯಾಯಿತು, ಮಗು ಆಯಿತು. ಮತ್ತೆ ಆಡಬೇಕು ಎಂದು ಒಂದು ತಂಡದವರನ್ನು ಕೇಳಿದೆ. ತಾಲೀಮು ರಾತ್ರಿ ಎಂಟಕ್ಕೆ ಶುರು, ನಿಮಗೆ ಕಷ್ಟವಾಗುತ್ತದೆ ಮೇಡಂ, ಅಂದರು. ಒಳ್ಳೆಯ ಮಾತಿನಲ್ಲೇ ಅಂದರು. ಎಂಟರ ಬದಲು ಆರಕ್ಕೆ ಇಟ್ಟುಕೊಳ್ಳಬಹುದು ಎಂಬ ಯೋಚನೆ ಆ ಕೋಣೆಯಲ್ಲಿ ಯಾರಿಗೂ ಬರಲಿಲ್ಲ. ಅಂಥ ಒಂದು ಮಾತಿಗೆ ಎಷ್ಟು ಮಂದಿ ಹಿಂದಿರುಗಿರಬಹುದು ಎಂದು ಯೋಚಿಸಿದರೆ ಸಂಕಟವಾಗುತ್ತದೆ.

ಈಗ ಕಾಲ ಬದಲಾಗಿದೆ ಎನ್ನುತ್ತೀರಿ. ಬದಲಾಗಿದೆ. ನಮ್ಮ ಸೋಗಾನೆಯ ನೆಲದಲ್ಲಿ 2023ರ ಫೆಬ್ರವರಿ 27ರಂದು ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಮೂರು ಕಿಲೋಮೀಟರಿಗೂ ಉದ್ದದ ರನ್‌ವೇ, ರಾಷ್ಟ್ರಕವಿ ಕುವೆಂಪು ಅವರ ಹೆಸರು. ಬೆಂಗಳೂರು ಒಂದು ಗಂಟೆಯ ದಾರಿಯಾಯಿತು. ಆದರೆ ಶಿವಮೊಗ್ಗದಲ್ಲಿ ನಾಟಕ ಮುಗಿಸಿ, ಬಣ್ಣ ತೊಳೆದು, ರಾತ್ರಿ ಹತ್ತರ ಮೇಲೆ ಸೋಗಾನೆಗೆ ಈ ಹತ್ತು ಕಿಲೋಮೀಟರಿನೊಳಗಿನ ದಾರಿಯನ್ನು ಹೆಣ್ಣುಮಗಳೊಬ್ಬಳು ಹೇಗೆ ಬರಬೇಕು ಎಂದು ನಿಮ್ಮ ತಂಡದ ಸಭೆಯಲ್ಲಿ ಎಂದಾದರೂ ಚರ್ಚೆಯಾಗಿದೆಯೇ? ಬೆಳಕಿನ ಬಾಡಿಗೆ, ಪರದೆ, ಬ್ಯಾನರು, ಅತಿಥಿಗಳ ಶಾಲು ಎಲ್ಲಕ್ಕೂ ಲೆಕ್ಕ ಬರೆಯುತ್ತೀರಿ. ನಟಿಯರನ್ನು ಮನೆ ಮುಟ್ಟಿಸುವ ಗಾಡಿಯ ಖರ್ಚನ್ನು ಆ ಲೆಕ್ಕದ ಮೊದಲ ಸಾಲಿನಲ್ಲಿ ಬರೆಯಿರಿ. ಸಾಧ್ಯವಿದ್ದಷ್ಟು ಸಂಭಾವನೆ ಕೊಡಿ. ಹವ್ಯಾಸಿ ತಂಡ, ದುಡ್ಡೆಲ್ಲಿ ಎನ್ನಬೇಡಿ. ಗಂಡಸಿಗೆ ಹವ್ಯಾಸವಾಗಿರುವುದು ಹೆಂಗಸಿಗೆ ಮನೆಯಲ್ಲಿ ಉತ್ತರ ಹೇಳಬೇಕಾದ ವಿಷಯ. ಕೈಯಲ್ಲಿ ಐನೂರು ರೂಪಾಯಿ ಇದ್ದರೆ ಆ ಉತ್ತರದ ದನಿಯೇ ಬೇರೆ ಆಗುತ್ತದೆ. ಮಗುವನ್ನು ಕರೆದುಕೊಂಡು ಬಂದರೆ ಬೇಸರಿಸಬೇಡಿ. ಬಟ್ಟೆ ಬದಲಿಸಲು ಒಳಗಿನಿಂದ ಚಿಲಕ ಹಾಕಿಕೊಳ್ಳುವ ಕೋಣೆ ಇದೆಯೇ ಎಂದು ಜಾಗ ಗೊತ್ತುಮಾಡುವಾಗಲೇ ನೋಡಿ.

ಅದಕ್ಕೂ ಮೊದಲು ಆಗಬೇಕಾದದ್ದು ನಾಟಕದ ಆಯ್ಕೆ. ಮೊದಲು ನಾಟಕ ಆರಿಸಿ ಆಮೇಲೆ ಹೆಂಗಸರನ್ನು ಹುಡುಕುತ್ತೀರಿ. ಹತ್ತು ಮಾತಿನ ಪಾತ್ರಕ್ಕೆ, ಮೂರು ತಿಂಗಳು ದಿನವೂ ಸಂಜೆ ಬಂದು ಕೂರಲು, ಬದುಕಿನ ಭಾರ ಹೊತ್ತ ಯಾವ ಹೆಂಗಸು ಬಂದಾಳು? ನಿಮ್ಮ ತಂಡದಲ್ಲಿ ಈಗ ಇರುವ ಇಬ್ಬರೋ ಮೂವರೋ ಹೆಣ್ಣುಮಕ್ಕಳನ್ನು ಎದುರು ಕೂರಿಸಿಕೊಂಡು, ಇವರು ಮೈತುಂಬಿ ಆಡಬಹುದಾದ ನಾಟಕ ಯಾವುದು ಎಂದು ಅಲ್ಲಿಂದ ಶುರುಮಾಡಿ. ಬೇಕಾದಷ್ಟಿವೆ. ಕುವೆಂಪು ಅವರ ‘ಬೆರಳ್‌ಗೆ ಕೊರಳ್’ ಅನ್ನು ಏಕಲವ್ಯ ಮತ್ತು ದ್ರೋಣರ ನಾಟಕ ಎಂದು ಎಲ್ಲರೂ ಆಡುತ್ತಾರೆ. ಆದರೆ ಮಗನ ಹೆಬ್ಬೆರಳು ಹೋದದ್ದನ್ನು ಕಂಡು ಸಿಡಿದೇಳುವ ತಾಯಿಯ ಬಾಯಿಂದಲೇ ಆ ನಾಟಕಕ್ಕೆ ಹೆಸರು ಬಂದದ್ದು. ಆ ತಾಯಿಯ ಪಾತ್ರಕ್ಕೆ ಹುಡುಗಿಯೊಬ್ಬಳ ತಲೆಗೆ ಪೌಡರು ಹಚ್ಚುವ ಬದಲು, ಮಗನನ್ನು ಬೆಳೆಸಿ ದೊಡ್ಡವನನ್ನಾಗಿ ಮಾಡಿದ ನಿಜವಾದ ತಾಯಿಯೊಬ್ಬಳನ್ನು ನಿಲ್ಲಿಸಿ. ಕಾರ್ನಾಡರ ‘ನಾಗಮಂಡಲ’ದ ರಾಣಿ, ‘ಹಯವದನ’ದ ಪದ್ಮಿನಿ, ಕಂಬಾರರ ‘ಜೋಕುಮಾರಸ್ವಾಮಿ’ಯ ಗೌಡ್ತಿ ಇದ್ದಾರೆ. ಸ್ಪೇನಿನ ಲೋರ್ಕಾ ಬರೆದ ‘ಬರ್ನಾರ್ಡಾ ಆಲ್ಬಾಳ ಮನೆ’ಯಲ್ಲಿ ರಂಗದ ಮೇಲೆ ಬರುವವರೆಲ್ಲ ಹೆಂಗಸರೇ. ಒಬ್ಬ ಗಂಡಸೂ ಇಲ್ಲ. ವೈದೇಹಿಯವರ ಕತೆಗಳನ್ನು, ಸಾರಾ ಅಬೂಬಕ್ಕರ್ ಅವರ ಕತೆಗಳನ್ನು ನೀವೇ ರಂಗಕ್ಕೆ ತರಬಹುದು.

ಹೆಂಗಸರು ಹೆಂಗಸರ ಪಾತ್ರವನ್ನೇ ಮಾಡಬೇಕು ಎಂದೂ ಇಲ್ಲ. ಆರ್. ನಾಗರತ್ನಮ್ಮನವರು 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಕಂಸನೂ ಹೆಂಗಸೇ, ದುರ್ಯೋಧನನೂ ಹೆಂಗಸೇ. ಗದೆ ಹೊತ್ತು ನಾಗರತ್ನಮ್ಮ ರಂಗಕ್ಕೆ ಬಂದರೆ ಜನ ನಡುಗುತ್ತಿದ್ದರು ಎಂದು ಹಿರಿಯರು ಹೇಳುತ್ತಾರೆ. ದೇಶ ಅವರಿಗೆ 2012ರಲ್ಲಿ ಪದ್ಮಶ್ರೀ ಕೊಟ್ಟಿತು. ಗಂಡಸರು ಹೆಣ್ಣುವೇಷ ಹಾಕಿದ್ದನ್ನು ಕಲೆ ಎಂದು ಕೊಂಡಾಡಿದ ನಾಡು ನಮ್ಮದು. ಅದು ಕಲೆಯೇ. ಹೆಣ್ಣು ಗಂಡುವೇಷ ಹಾಕುವುದಕ್ಕೂ ಅಷ್ಟೇ ಜಾಗ ಕೊಡಿ.

ನಿಮ್ಮ ಕೆಲಸ ಎಷ್ಟು ಕಷ್ಟದ್ದು ಎಂಬುದು ನನಗೆ ಗೊತ್ತು. ಸರ್ಕಾರದ ಅನುದಾನ ಬರುವುದು ತಡ, ರಂಗಮಂದಿರದ ಬಾಡಿಗೆ ಭಾರ, ನೋಡುವವರನ್ನು ಮನೆಯಿಂದ ಎಬ್ಬಿಸಿ ತರುವುದು ಇನ್ನೂ ಭಾರ. ಇಷ್ಟರ ನಡುವೆಯೂ ಈ ಎರಡು ಊರುಗಳಲ್ಲಿ ನಾಟಕ ಉಳಿದಿರುವುದು ನಿಮ್ಮಿಂದ. ಶಿವಮೊಗ್ಗದಲ್ಲಿ ರಂಗಾಯಣ ಇದೆ, ಕುವೆಂಪು ರಂಗಮಂದಿರ ಇದೆ, ಒಂದೂವರೆ ಎರಡು ಗಂಟೆಯ ದಾರಿಯಲ್ಲಿ ಹೆಗ್ಗೋಡು ಇದೆ. 1949ರಲ್ಲಿ ಹಳ್ಳಿಯ ಕೆಲವು ಗೆಳೆಯರು ಸೇರಿ ಕಟ್ಟಿದ ನೀನಾಸಂ ಮುಂದೆ ಏನಾಯಿತು ಎಂಬುದು ನಿಮಗೆ ನಾನು ಹೇಳಬೇಕಾಗಿಲ್ಲ. ಅದರ ತಿರುಗಾಟದ ನಾಟಕಗಳಲ್ಲಿ ಹುಡುಗಿಯರು ತಿಂಗಳುಗಟ್ಟಲೆ ಊರೂರು ತಿರುಗಿ ಆಡುವುದನ್ನು ನಾವೆಲ್ಲ ನೋಡಿದ್ದೇವೆ. ನಮ್ಮ ಜಿಲ್ಲೆಯಲ್ಲೇ ಆಗಿರುವುದು ನಮ್ಮ ಪೇಟೆಯಲ್ಲಿ ಆಗುವುದಿಲ್ಲ ಎನ್ನಲು ಕಾರಣ ಇಲ್ಲ.

ಉಮಾಶ್ರೀ ಅವರಿಗೆ ಸಾಕವ್ವ ಸಿಗದಿದ್ದರೆ ಏನಾಗುತ್ತಿತ್ತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಸಿನಿಮಾದವರು ಕೊಟ್ಟದ್ದಷ್ಟೇ ಅವರ ಅಳತೆ ಎಂದು ಲೋಕ ನಂಬಿಬಿಡುತ್ತಿತ್ತು. ಹವ್ಯಾಸಿ ತಂಡವೊಂದು ಆ ಪಾತ್ರವನ್ನು ಅವರ ಕೈಗಿಟ್ಟಿತ್ತು. ಅದರಿಂದಾಗಿಯೇ ಆ ನಟಿ ಇಷ್ಟೇ ಅಲ್ಲ ಎಂದು ಕಂಡವರ ನೆನಪಿನಲ್ಲಿ ಉಳಿಯಿತು, ಆ ನೆನಪು ಉಳಿದದ್ದರಿಂದ ಮುಂದೆ ಗುಲಾಬಿಯೂ ಸಾಧ್ಯವಾಯಿತು ಎಂದು ನಾನು ನಂಬುತ್ತೇನೆ. ನಿಮ್ಮಂಥ ತಂಡಗಳಿಗೆ ಅಷ್ಟು ಶಕ್ತಿ ಇದೆ.

ಈ ಸಲದ ನಾಟಕ ಆರಿಸಲು ನೀವು ಸಭೆ ಸೇರುವ ದಿನ ನಿಮ್ಮ ತಂಡದ ಹೆಣ್ಣುಮಕ್ಕಳನ್ನು ಕರೆಯಿರಿ. ಮದುವೆಯಾಯಿತೆಂದೋ ಮಕ್ಕಳಾದರೆಂದೋ ಬಿಟ್ಟುಹೋದವರ ಮನೆಗೂ ಹೋಗಿ ಕರೆಯಿರಿ. ತಾಲೀಮಿನ ಹೊತ್ತನ್ನು ಅವರನ್ನು ಕೇಳಿ ಗೊತ್ತುಮಾಡಿ. ನಲವತ್ತು ದಾಟಿದ ಹೆಂಗಸೊಬ್ಬಳು ಮೊದಲಿನಿಂದ ಕೊನೆಯವರೆಗೂ ರಂಗದ ಮೇಲಿರುವ ಒಂದು ನಾಟಕವನ್ನು ಈ ವರ್ಷ ಶಿವಮೊಗ್ಗದಲ್ಲಿ ಒಂದು ತಂಡ, ಭದ್ರಾವತಿಯಲ್ಲಿ ಒಂದು ತಂಡ ಆಡಿ ತೋರಿಸಲಿ. ಟಿಕೆಟ್ ಮಾರಲು ಸೋಗಾನೆಯಿಂದ ನಾವು ನಾಲ್ಕು ಮನೆಯ ಹೆಂಗಸರು ಬರುತ್ತೇವೆ.

ಇಂತಿ,
ನಿಮ್ಮ ನಾಟಕಗಳ ಪ್ರೇಕ್ಷಕಿ,
ಸೋಗಾನೆ